ಬೈಟ್‌ಅರೇ ಒಳಗೆ ನಾಲ್ಕು ಬೈಟ್ ಕಾಪಿ ಮಾಡಿದರೆ ಇಡೀ ಹೆಡರ್ ಕೆಡುತ್ತಿದೆ, ಯಾಕೆ? (ಪೈಥಾನ್)

ಅಲೆಹುಳು:
ಎಲ್ಲರಿಗೂ ನಮಸ್ಕಾರ. ಪೈಥಾನ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಕೆಲವು ವೇವ್ ಫೈಲ್‌ಗಳಿವೆ, ಒಳಗಿರುವ ದನಿ 48000 ಹರ್ಟ್ಸ್‌ನಲ್ಲೇ ರೆಕಾರ್ಡ್ ಆಗಿದೆ, ಆದರೆ ಹೆಡರ್‌ನಲ್ಲಿ (ಫೈಲ್ ಶುರುವಿನಲ್ಲಿ ಅದರ ವಿವರ ಇರುವ ಭಾಗ) ಮಾತ್ರ 44100 ಅಂತ ಕೂತಿದೆ. ಹಾಗಾಗಿ ಪ್ಲೇ ಮಾಡಿದರೆ ಸ್ವಲ್ಪ ನಿಧಾನವಾಗಿ, ದಪ್ಪ ದನಿಯಲ್ಲಿ ಕೇಳಿಸುತ್ತದೆ. ಹೆಡರ್ ಒಂದನ್ನು ಸರಿ ಮಾಡಿದರೆ ಸಾಕು.

ಮೊದಲ 44 ಬೈಟ್‌ಗಳನ್ನು ಓದಿ ಬೈಟ್‌ಅರೇ (ಬದಲಿಸಬಹುದಾದ ಬೈಟ್‌ಗಳ ಸಾಲು) ಮಾಡಿಕೊಂಡೆ, ಅದರ ಹೆಸರು ಗುರಿ. 48000 ಅನ್ನು ಟು_ಬೈಟ್ಸ್ ಮೂಲಕ ಲಿಟಲ್ ಎಂಡಿಯನ್ (ಚಿಕ್ಕ ಬೆಲೆಯ ಬೈಟ್ ಮೊದಲು ಬರುವ ಕ್ರಮ) ಬೈಟ್‌ಗಳಾಗಿ ಮಾಡಿ ಇನ್ನೊಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡೆ, ಅದರ ಹೆಸರು ಹೊಸದು. ಸ್ಯಾಂಪಲ್ ರೇಟ್ (ಆ 44100) ಇರುವುದು 24ನೇ ಬೈಟ್‌ನಿಂದ, ನಾಲ್ಕು ಬೈಟ್. ಆಮೇಲೆ ಇಷ್ಟೇ:

ಗುರಿ[24:28] = ಹೊಸದು

ಎರರ್ ಏನೂ ಬರಲಿಲ್ಲ. ಆದರೆ ಬರೆದ ಫೈಲನ್ನು ಯಾವ ಪ್ಲೇಯರೂ ತೆಗೆಯುತ್ತಿಲ್ಲ. ಹೆಡರ್ ಓದಿ ನೋಡಿದರೆ ಸ್ಯಾಂಪಲ್ ರೇಟ್ 2970663808, ಬೈಟ್ ರೇಟ್ 262146, ಬಿಟ್ಸ್ ಪರ್ ಸ್ಯಾಂಪಲ್ 24932 ಅಂತ ಬರುತ್ತಿದೆ. ಚಾನೆಲ್ ಮಾತ್ರ ಸರಿಯಾಗಿ 2 ತೋರಿಸುತ್ತದೆ. ನಾನು ಮುಟ್ಟಿದ್ದು ಒಂದೇ ಜಾಗ, ಉಳಿದದ್ದು ಹೇಗೆ ಬದಲಾಯಿತು? ಸಿ ಭಾಷೆಯಲ್ಲಿ ಮೆಮ್‌ಕಾಪಿ (ಹೇಳಿದಷ್ಟು ಬೈಟ್‌ಗಳನ್ನು ಇದ್ದ ಜಾಗದ ಮೇಲೇ ಕಾಪಿ ಮಾಡುವ ಫಂಕ್ಷನ್) ಇದ್ದ ಹಾಗೆ ಇಲ್ಲಿ ಏನೂ ಇಲ್ವಾ?

ಸೊನ್ನೆಯಿಂದ:
ಎಂಡಿಯನ್ ತಿರುಗಿಬಿದ್ದಿರಬೇಕು. ಇಂಥ ದೊಡ್ಡ ನಂಬರ್ ಬಂದರೆ ಹತ್ತಕ್ಕೆ ಒಂಬತ್ತು ಸಲ ಅದೇ ಕಾರಣ.

ಎಂಟುಬಿಟ್:
@ಸೊನ್ನೆಯಿಂದ ಎಂಡಿಯನ್ ಅಲ್ಲ. 48000 ಅಂದರೆ ಲಿಟಲ್ ಎಂಡಿಯನ್‌ನಲ್ಲಿ 128, 187, 0, 0. ಅದನ್ನು ತಿರುಗಿಸಿ ಬರೆದಿದ್ದರೆ ಓದುವಾಗ 2159738880 ಬರಬೇಕಿತ್ತು. ಬಂದಿರುವುದು ಬೇರೆ ನಂಬರ್. ಅಲ್ಲದೆ ಎಂಡಿಯನ್ ತಪ್ಪಿದರೆ ಪಕ್ಕದ ಬಿಟ್ಸ್ ಪರ್ ಸ್ಯಾಂಪಲ್ ಯಾಕೆ ಕೆಡಬೇಕು?

@ಅಲೆಹುಳು ನೀವು ಕೊಟ್ಟ ನಂಬರ್‌ಗಳಲ್ಲೇ ಉತ್ತರ ಇದೆ, ಬಿಡಿಸಿ ನೋಡೋಣ. 2970663808 ಅನ್ನು ಬೈಟ್ ಬೈಟಾಗಿ ಒಡೆದರೆ 128, 187, 16, 177. ಮೊದಲ ಎರಡು ನಿಮ್ಮ 48000ದವು, ಸರಿಯಾಗಿಯೇ ಇವೆ. ಮುಂದಿನ 16, 177 ಎಲ್ಲಿಂದ ಬಂತು? 44100 ರೇಟ್, ಎರಡು ಚಾನೆಲ್, 16 ಬಿಟ್ ಇದ್ದ ಹಳೇ ಹೆಡರ್‌ನಲ್ಲಿ ಬೈಟ್ ರೇಟ್ 176400 ಇರುತ್ತದೆ, ಅದರ ಬೈಟ್‌ಗಳು 16, 177, 2, 0. ಅಂದರೆ ಪಕ್ಕದ ಮನೆಯ ಮೊದಲ ಎರಡು ಬೈಟ್ ಇತ್ತ ಸರಿದು ಬಂದಿವೆ. ಇನ್ನುಳಿದ 2, 0 ಮತ್ತು ಅದರ ಮುಂದಿದ್ದ ಬ್ಲಾಕ್ ಅಲೈನ್ ಎಂಬ ಫೀಲ್ಡ್‌ನ 4, 0 ಸೇರಿ 262146 ಆಗಿದೆ. ಕೊನೆಯದು ಇನ್ನೂ ಚೆನ್ನಾಗಿದೆ: 24932 ಅಂದರೆ 100 ಮತ್ತು 97, ಆಸ್ಕಿಯಲ್ಲಿ ಚಿಕ್ಕಕ್ಷರದ ಡಿ ಮತ್ತು ಎ. ಡಾಟಾ ಚಂಕ್‌ನ (ದನಿ ಇರುವ ಭಾಗ) ಹೆಸರಿನ ಮೊದಲ ಎರಡು ಅಕ್ಷರಗಳು ಬಿಟ್ಸ್ ಪರ್ ಸ್ಯಾಂಪಲ್ ಜಾಗಕ್ಕೆ ಬಂದು ಕೂತಿವೆ.

ಒಟ್ಟಿನಲ್ಲಿ 24ರ ನಂತರದ್ದೆಲ್ಲ ಎರಡು ಬೈಟ್ ಹಿಂದಕ್ಕೆ ಸರಿದಿದೆ. ಹಾಗಾದರೆ ಹೊಸದು ಎಂಬುದರಲ್ಲಿ ಎರಡೇ ಬೈಟ್ ಇತ್ತು. ಟು_ಬೈಟ್ಸ್‌ಗೆ ಉದ್ದ ಎಷ್ಟು ಕೊಟ್ಟಿದ್ದೀರಿ? ಗುರಿಯ ಉದ್ದ ಪ್ರಿಂಟ್ ಮಾಡಿ, 42 ಬರುತ್ತದೆ ನೋಡಿ.

ಅಲೆಹುಳು:
ಹೌದು ಸರ್, 42! ಟು_ಬೈಟ್ಸ್‌ಗೆ 2 ಕೊಟ್ಟಿದ್ದೆ, 48000 ಎರಡು ಬೈಟ್‌ನಲ್ಲಿ ಹಿಡಿಯುತ್ತಲ್ಲ ಅಂತ. 4 ಮಾಡಿದ ಮೇಲೆ ಉದ್ದ 44 ಬಂತು, ಪ್ಲೇಯರ್ ಕೂಡ ತೆಗೆಯಿತು.

ಆದರೆ ಒಂದು ಅರ್ಥ ಆಗಲಿಲ್ಲ. ನಾಲ್ಕು ಬೈಟ್ ಜಾಗಕ್ಕೆ ಎರಡು ಬೈಟ್ ಹಾಕಿದರೆ ಪೈಥಾನ್ ಬೈಯಬೇಕಲ್ವಾ? ಸುಮ್ನೆ ಒಪ್ಪಿಕೊಂಡಿದ್ದು ಯಾಕೆ?

ಎಂಟುಬಿಟ್:
ಬೈಟ್‌ಅರೇ ನಡೆದುಕೊಳ್ಳುವುದು ಪೂರ್ತಿ ಲಿಸ್ಟ್ ತರಹ. ಸ್ಲೈಸ್‌ಗೆ ([24:28] ತರಹದ ತುಂಡಿಗೆ) ಏನಾದರೂ ಕೊಟ್ಟರೆ ಅದು "ಈ ಜಾಗದ ಮೇಲೆ ಬರೆ" ಅಲ್ಲ, "ಈ ತುಂಡನ್ನು ತೆಗೆದು ಅಲ್ಲಿ ಇದನ್ನು ಸೇರಿಸು". ಉದ್ದ ಬೇರೆ ಇದ್ದರೆ ಬೈಟ್‌ಅರೇ ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ. ಪ್ರೊಟೋಕಾಲ್ ಬಫರ್‌ನಿಂದ ಓದಿ ಮುಗಿಸಿದ ಮೆಸೇಜನ್ನು ಮುಂದಿನಿಂದ ಕತ್ತರಿಸಿ ಹಾಕುವಾಗ ಇದು ಬಹಳ ಅನುಕೂಲ. ಸ್ಥಿರ ಉದ್ದದ ಹೆಡರ್‌ಗೆ ಇದೇ ಕಂಟಕ.

ಮೆಮ್‌ಕಾಪಿ ತರಹ ಬೇಕಂದರೆ ಮೆಮೊರಿವ್ಯೂ (ಕಾಪಿ ಮಾಡದೆ ಅದೇ ಬೈಟ್‌ಗಳನ್ನು ತೋರಿಸುವ ಕಿಟಕಿ) ಬಳಸಿ:

ನೋಟ = ಮೆಮೊರಿವ್ಯೂ(ಗುರಿ)
ನೋಟ[24:28] = ಹೊಸದು

(ಫಂಕ್ಷನ್ ಹೆಸರನ್ನು ನಿಜವಾದ ಸ್ಕ್ರಿಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಗುರಿ, ನೋಟ ಅಂತ ವೇರಿಯಬಲ್ ಹೆಸರು ಕನ್ನಡದಲ್ಲಿ ಇಟ್ಟರೆ ಪೈಥಾನ್ 3 ತಕರಾರು ಮಾಡುವುದಿಲ್ಲ.)

ಈಗ ಹೊಸದು ಎರಡೇ ಬೈಟ್ ಇದ್ದರೆ ತಕ್ಷಣ ವ್ಯಾಲ್ಯೂಎರರ್ ಬರುತ್ತದೆ. ವ್ಯೂ ಎಂದಿಗೂ ಉದ್ದ ಬದಲಿಸುವುದಿಲ್ಲ. ಬರೆದದ್ದು ನೇರವಾಗಿ ಗುರಿಯೊಳಗೇ ಹೋಗುತ್ತದೆ, ವಾಪಸ್ ಕಾಪಿ ಮಾಡುವ ಕೆಲಸ ಇಲ್ಲ.

ಸೊನ್ನೆಯಿಂದ:
ಒಪ್ಪಿದೆ, ಎಂಡಿಯನ್ ಅಲ್ಲ. ಆದರೆ ಇಷ್ಟು ಚಿಕ್ಕ ಕೆಲಸಕ್ಕೆ ವ್ಯೂ ಯಾಕೆ ಸ್ವಾಮಿ? ಗುರಿ[:24] + ಹೊಸದು + ಗುರಿ[28:] ಅಂತ ಜೋಡಿಸಿದರೆ ಮುಗಿಯಿತು. 44 ಬೈಟ್‌ಗೆ ಇಷ್ಟೆಲ್ಲ ಬೇಡ.

ಹಳೆಗಂಟು:
@ಸೊನ್ನೆಯಿಂದ ನಿಮ್ಮ ಜೋಡಣೆಯಲ್ಲೂ ಹೊಸದು ಎರಡು ಬೈಟ್ ಇದ್ದರೆ 42 ಬೈಟೇ ಬರುವುದು. ಸಮಸ್ಯೆ ವೇಗದ್ದಲ್ಲ, ಉದ್ದ ತಪ್ಪಿದಾಗ ಯಾರೂ ಹೇಳದಿರುವುದು.

ನನ್ನ ಪ್ರಕಾರ ಇಲ್ಲಿ ವ್ಯೂ ಕೂಡ ಬೇಡ, ಸ್ಟ್ರಕ್ಟ್ ಮಾಡ್ಯೂಲ್ ಬೇಕು. ಪ್ಯಾಕ್_ಇಂಟು ಅಂತ ಒಂದು ಫಂಕ್ಷನ್ ಇದೆ. ಅದಕ್ಕೆ ಫಾರ್ಮ್ಯಾಟ್, ಬಫರ್ (ಬರೆಯಬೇಕಾದ ಬೈಟ್‌ಅರೇ), ಆಫ್‌ಸೆಟ್ (ಎಷ್ಟನೇ ಬೈಟ್‌ನಿಂದ), ಆಮೇಲೆ ಬೆಲೆಗಳನ್ನು ಕೊಡಬೇಕು. ಫಾರ್ಮ್ಯಾಟ್‌ನಲ್ಲಿ '<' ಗುರುತು ಹಾಕಿ ಎರಡು ದೊಡ್ಡಕ್ಷರದ ಐ ಕೊಟ್ಟರೆ ಎರಡು ನಾಲ್ಕು-ಬೈಟ್ ನಂಬರ್‌ಗಳು ಲಿಟಲ್ ಎಂಡಿಯನ್‌ನಲ್ಲಿ 24ರಿಂದ 31ರವರೆಗೆ ಕೂರುತ್ತವೆ. ಎಷ್ಟು ಬೈಟ್ ಅನ್ನುವುದನ್ನು ಫಾರ್ಮ್ಯಾಟೇ ತೀರ್ಮಾನಿಸುತ್ತದೆ, ನೀವು ಎಣಿಸುವ ಹಾಗೇ ಇಲ್ಲ. ಬಫರ್ ಚಿಕ್ಕದಾದರೆ ಎರರ್, ನಂಬರ್ ದೊಡ್ಡದಾದರೆ ಎರರ್.

ಎರಡು ನಂಬರ್ ಯಾಕೆ ಅಂದರೆ, ಸ್ಯಾಂಪಲ್ ರೇಟ್ ಬದಲಿಸಿದ ಮೇಲೆ 28ರಲ್ಲಿರುವ ಬೈಟ್ ರೇಟ್ ಕೂಡ ಬದಲಿಸಬೇಕು. ಎರಡು ಚಾನೆಲ್, 16 ಬಿಟ್ ಅಂದರೆ 48000 × 4 = 192000. ಅಲೆಹುಳು ಅವರು ಅದನ್ನು ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತದೆ. ಪ್ಲೇಯರ್ ತೆಗೆದ ಮಾತ್ರಕ್ಕೆ ಹೆಡರ್ ಸರಿ ಇದೆ ಅಂತ ಅಲ್ಲ, ತುಂಬಾ ಪ್ಲೇಯರ್‌ಗಳು ಆ ಫೀಲ್ಡನ್ನು ನೋಡುವುದೇ ಇಲ್ಲ.

ಮತ್ತೆ ಆ '<' ಬಿಡಬೇಡಿ. ಅದು ಎಂಡಿಯನ್ ಒಂದಕ್ಕೇ ಅಲ್ಲ. ಅದಿಲ್ಲದಿದ್ದರೆ ಸ್ಟ್ರಕ್ಟ್ ನಿಮ್ಮ ಮೆಷೀನಿನ ಅಲೈನ್‌ಮೆಂಟ್ (ಬೇಕಾದಲ್ಲಿ ನಡುವೆ ಖಾಲಿ ಬೈಟ್ ತುಂಬುವ ಪದ್ಧತಿ) ಪಾಲಿಸುತ್ತದೆ. ಒಂದು ಬೈಟ್ ಆದ ಮೇಲೆ ನಾಲ್ಕು ಬೈಟ್ ನಂಬರ್ ಅಂತ ಕೇಳಿದರೆ ಸಾಮಾನ್ಯ ಕಂಪ್ಯೂಟರ್‌ನಲ್ಲಿ 8 ಬೈಟ್ ಬರುತ್ತದೆ, '<' ಹಾಕಿದರೆ 5. ಫೈಲ್ ಫಾರ್ಮ್ಯಾಟ್‌ಗಳಿಗೆ ಬೇಕಾಗಿರುವುದು ಎರಡನೆಯದು.

ಅಲೆಹುಳು:
ಪ್ಯಾಕ್_ಇಂಟು ಸರಿಹೋಯಿತು, ಬೈಟ್ ರೇಟ್ ಕೂಡ ಬದಲಿಸಿದೆ, ಥ್ಯಾಂಕ್ಸ್. ಈಗ ಇನ್ನೊಂದು. ಬೇರೆ ಕಡೆ ಎರಡು ಬೈಟ್‌ಅರೇಗಳ ನಡುವೆ ದನಿಯ ತುಂಡುಗಳನ್ನೇ ಕಾಪಿ ಮಾಡುತ್ತಿದ್ದೇನೆ, ಅಲ್ಲಿ ನಂಬರ್ ಇಲ್ಲ, ಬರೀ ಬೈಟ್‌ಗಳು. ವ್ಯೂ ಹಾಕಿದೆ, ಚೆನ್ನಾಗಿ ಕೆಲಸ ಮಾಡಿತು. ಆದರೆ ಆಮೇಲೆ ಅದೇ ಬೈಟ್‌ಅರೇ ಕೊನೆಗೆ ಇನ್ನಷ್ಟು ಸೇರಿಸಲು ಹೋದರೆ ಬಫರ್‌ಎರರ್ ಬರುತ್ತಿದೆ.

ಎಂಟುಬಿಟ್:
ಅದು ಬರಲೇಬೇಕು. ವ್ಯೂ ಜೀವಂತ ಇರುವಷ್ಟು ಹೊತ್ತು ಬೈಟ್‌ಅರೇ ಉದ್ದ ಬದಲಿಸಲು ಪೈಥಾನ್ ಬಿಡುವುದಿಲ್ಲ. ಹಿಗ್ಗುವಾಗ ಒಳಗಿನ ಮೆಮೊರಿ ಬೇರೆ ಜಾಗಕ್ಕೆ ಹೋಗಬಹುದು, ಆಗ ವ್ಯೂ ತೋರಿಸುತ್ತಿದ್ದ ಜಾಗ ಖಾಲಿ ಸೈಟ್ ಆಗಿಬಿಡುತ್ತದೆ. ಸಿಯಲ್ಲಿ ರಿಅಲಾಕ್ ಆದ ಮೇಲೆ ಹಳೇ ಪಾಯಿಂಟರ್ ಬಳಸಿದರೆ ಆಗುವ ಅನಾಹುತ ಇದೇ, ಇಲ್ಲಿ ಎರರ್ ಕೊಟ್ಟು ತಡೆಯುತ್ತಾರೆ.

ವ್ಯೂ ಅನ್ನು ವಿತ್ ಬ್ಲಾಕ್ ಒಳಗೆ ಇಡಿ, ಬ್ಲಾಕ್ ಮುಗಿದ ತಕ್ಷಣ ಅದು ಬಿಡುಗಡೆ ಆಗುತ್ತದೆ. ಅಥವಾ ರಿಲೀಸ್ ಅಂತ ನೀವೇ ಕರೆಯಬಹುದು. ಒಂದು ಎಚ್ಚರ: ವ್ಯೂನ ಸ್ಲೈಸ್ ಅನ್ನು ಇನ್ನೊಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡಿದ್ದರೆ ಅದೂ ಒಂದು ವ್ಯೂ. ಅದನ್ನೂ ಬಿಡಬೇಕು.

ಇನ್ನೊಂದು ವಿಷಯ, ಕಾಪಿ ಮಾಡುವ ಮೂಲ ಬೈಟ್ಸ್ (ಬದಲಿಸಲಾಗದ ಬೈಟ್‌ಗಳ ಸಾಲು) ಆಗಿದ್ದರೂ ಪರವಾಗಿಲ್ಲ, ಗುರಿ ಮಾತ್ರ ಬೈಟ್‌ಅರೇ ಆಗಿರಬೇಕು. ಬೈಟ್ಸ್ ಮೇಲೆ ವ್ಯೂ ಮಾಡಬಹುದು, ಆದರೆ ಅದು ಓದಲು ಮಾತ್ರ, ಬರೆಯಲು ಹೋದರೆ ಟೈಪ್‌ಎರರ್.

ತಂತಿಜಾಲ:
ಜಾವಾಸ್ಕ್ರಿಪ್ಟ್ ಕಡೆಯಿಂದ ನಾನೂ ಸ್ವಲ್ಪ ಸೇರಿಸುತ್ತೇನೆ, ಹುಡುಕಿಕೊಂಡು ಬಂದವರಿಗೆ ಉಪಯೋಗ ಆಗಲಿ. ನಮ್ಮ ಕಡೆ ಉದ್ದದ ರಗಳೆ ಇಲ್ಲ, ಯುಇಂಟ್8ಅರೇ (ಅಲ್ಲಿನ ಬೈಟ್‌ಗಳ ಸಾಲು) ಹಿಗ್ಗಿಸಲು ಕುಗ್ಗಿಸಲು ಬರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡಲು ಸೆಟ್ ಮೆಥಡ್, ಮೂಲ ಮತ್ತು ಆಫ್‌ಸೆಟ್ ಕೊಟ್ಟರೆ ಆಯಿತು, ಜಾಗ ಸಾಲದಿದ್ದರೆ ರೇಂಜ್‌ಎರರ್. ಆದರೆ ಯಾವುದು ಕಾಪಿ, ಯಾವುದು ವ್ಯೂ ಅನ್ನುವ ಗೊಂದಲ ಪೈಥಾನ್‌ಗಿಂತ ಜಾಸ್ತಿ. ಸಬ್‌ಅರೇ ಅಂದರೆ ವ್ಯೂ. ಸ್ಲೈಸ್ ಅಂದರೆ ಕಾಪಿ. ಸರಿ, ನೆನಪಿಟ್ಟುಕೊಳ್ಳಬಹುದು. ಆದರೆ ನೋಡ್‌ನ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಬಫರ್ ಕೂಡ ಯುಇಂಟ್8ಅರೇ ವಂಶದ್ದೇ, ಅಲ್ಲಿ ಮಾತ್ರ ಸ್ಲೈಸ್ ಅಂದರೆ ವ್ಯೂ! ಒಂದೇ ಫಂಕ್ಷನ್‌ಗೆ ಬ್ರೌಸರ್‌ನಿಂದ ಯುಇಂಟ್8ಅರೇ ಬಂದರೆ ಮೂಲ ಹಾಗೇ ಉಳಿಯುತ್ತದೆ, ನೋಡ್‌ನಲ್ಲಿ ಬಫರ್ ಬಂದರೆ ಮೂಲವೇ ಬದಲಾಗುತ್ತದೆ. ಈಗ ಆ ಸ್ಲೈಸ್ ಬೇಡ, ಸಬ್‌ಅರೇ ಬಳಸಿ ಅಂತ ಡಾಕ್ಯುಮೆಂಟೇಶನ್‌ನಲ್ಲೇ ಇದೆ.

ಇನ್ನೂ ಒಂದು ಗುಂಡಿ. ನೋಡ್‌ನಲ್ಲಿ ಚಿಕ್ಕ ಬಫರ್‌ಗಳನ್ನು ಎಷ್ಟೋ ಸಲ 8192 ಬೈಟ್‌ನ ಒಂದೇ ಪೂಲ್‌ನಿಂದ ಕತ್ತರಿಸಿ ಕೊಡುತ್ತಾರೆ. ನಿಮ್ಮ ನಾಲ್ಕು ಬೈಟ್ ಬಫರ್‌ನ ಒಳಗಿನ ಅರೇಬಫರ್ ಅನ್ನು ನೇರವಾಗಿ ಹಿಡಿದು ಯುಇಂಟ್8ಅರೇ ಮಾಡಿದರೆ ಇಡೀ ಪೂಲ್ ಕೈಗೆ ಬರಬಹುದು, ನಿಮ್ಮದಲ್ಲದ ಬೈಟ್‌ಗಳ ಜೊತೆ. ಬೈಟ್‌ಆಫ್‌ಸೆಟ್ ಮತ್ತು ಉದ್ದ ಎರಡನ್ನೂ ಕೊಟ್ಟೇ ಮಾಡಬೇಕು.

ಸೊನ್ನೆಯಿಂದ:
@ತಂತಿಜಾಲ ನಂಬರ್ ಬರೆಯಲು ಅಲ್ಲಿ ಏನು ಮಾಡ್ತೀರಿ? ಯುಇಂಟ್32ಅರೇ?

ತಂತಿಜಾಲ:
ಬೇಡ. ಅದಕ್ಕೆ ಆಫ್‌ಸೆಟ್ ನಾಲ್ಕರ ಗುಣಕವೇ ಆಗಿರಬೇಕು. ವೇವ್‌ನ 24ಕ್ಕೆ ನಡೆದುಬಿಡುತ್ತದೆ, ಆದರೆ ಬಿಎಂಪಿ ಚಿತ್ರಗಳಲ್ಲಿ ಫೈಲ್ ಸೈಜ್ ಇರುವುದು 2ನೇ ಬೈಟ್‌ನಿಂದ, ಅಲ್ಲಿ ರೇಂಜ್‌ಎರರ್. ಡೇಟಾವ್ಯೂ ಬಳಸಿ, ಯಾವ ಆಫ್‌ಸೆಟ್ ಆದರೂ ಸರಿ. ಹಾಂ, ಕೊನೆಯ ಆರ್ಗ್ಯುಮೆಂಟ್ ಆಗಿ ಟ್ರೂ ಕೊಡಲು ಮರೆತರೆ ಬಿಗ್ ಎಂಡಿಯನ್‌ನಲ್ಲಿ ಬರೆಯುತ್ತದೆ, ಮೇಲೆ ನೀವು ಹೇಳಿದ್ದು ಆಗ ನಿಜ ಆಗುತ್ತದೆ 🙂

ನೀಲಿಪರದೆ:
ಪ್ರಶ್ನೆಯಲ್ಲಿ ಮೆಮ್‌ಕಾಪಿ ಅಂತ ಇದ್ದದ್ದಕ್ಕೆ ಕೇಳುತ್ತಿದ್ದೇನೆ, ಪೈಥಾನ್‌ನ ಸಿಟೈಪ್ಸ್‌ನಲ್ಲಿ (ಸಿ ಫಂಕ್ಷನ್‌ಗಳನ್ನು ಕರೆಯುವ ಮಾಡ್ಯೂಲ್) ಮೆಮ್‌ಮೂವ್ ಅಂತಲೇ ಇದೆಯಲ್ಲ, ಅದನ್ನು ಯಾರೂ ಯಾಕೆ ಹೇಳಲಿಲ್ಲ?

ಹಳೆಗಂಟು:
ಬೇಕಂತಲೇ ಹೇಳಲಿಲ್ಲ. ಅದು ಉದ್ದ ನೋಡುವುದಿಲ್ಲ, ನೀವು ಹೇಳಿದಷ್ಟು ಬೈಟ್ ತಳ್ಳಿಬಿಡುತ್ತದೆ. ಹೆಚ್ಚು ಹೇಳಿದರೆ ಪಕ್ಕದ ಮೆಮೊರಿ ಹಾಳು, ಅದೃಷ್ಟ ಇದ್ದರೆ ಅಲ್ಲೇ ಕ್ರ್ಯಾಶ್, ಇಲ್ಲದಿದ್ದರೆ ಎಷ್ಟೋ ಹೊತ್ತಿನ ಮೇಲೆ ಸಂಬಂಧವೇ ಇಲ್ಲದ ಇನ್ನೆಲ್ಲೋ ಕ್ರ್ಯಾಶ್. ಸಿ ಲೈಬ್ರರಿಯಿಂದ ಬಂದ ಪಾಯಿಂಟರ್ ಇದ್ದರೆ ಅದು ಬೇಕಾಗಬಹುದು. ಎರಡು ಪೈಥಾನ್ ವೇರಿಯಬಲ್‌ಗಳ ನಡುವೆ ಬೇಡವೇ ಬೇಡ.

ಅದರ ಹೆಸರು ಮೆಮ್‌ಕಾಪಿ ಅಲ್ಲ, ಮೆಮ್‌ಮೂವ್ ಅನ್ನುವುದನ್ನು ಗಮನಿಸಿ. ಮೂಲ ಮತ್ತು ಗುರಿ ಒಂದರ ಮೇಲೊಂದು ಹಾಯ್ದಿದ್ದರೆ, ಅಂದರೆ ಒಂದೇ ಬಫರ್‌ನೊಳಗೆ 0ರಿಂದ 100 ಬೈಟ್ ತೆಗೆದು 10ಕ್ಕೆ ಹಾಕಿದ ಹಾಗೆ, ಸಿಯ ಮೆಮ್‌ಕಾಪಿಗೆ ಯಾವ ಗ್ಯಾರಂಟಿಯೂ ಇಲ್ಲ. ಮೆಮ್‌ಮೂವ್‌ಗೆ ಇದೆ. ಇದು ಬರೀ ಪುಸ್ತಕದ ಮಾತಲ್ಲ. 2010ರಲ್ಲಿ ಫೆಡೋರಾ ಲಿನಕ್ಸ್ 14 ಬಂದಾಗ 64 ಬಿಟ್ ಫ್ಲ್ಯಾಶ್ ಪ್ಲೇಯರ್‌ನಲ್ಲಿ ಹಾಡು ಕೇಳಿದರೆ ವಿಚಿತ್ರ ಕರಕರ ಸದ್ದು ಬರುತ್ತಿತ್ತು. ಹುಡುಕಿದರೆ, ಫ್ಲ್ಯಾಶ್ ಹಾಯ್ದಿರುವ ಜಾಗಗಳಿಗೂ ಮೆಮ್‌ಕಾಪಿ ಬಳಸುತ್ತಿತ್ತು. ಅಲ್ಲಿಯವರೆಗೆ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಮುಂದಿನಿಂದ ಕಾಪಿ ಮಾಡುತ್ತಿದ್ದುದರಿಂದ ಹೇಗೋ ನಡೆಯುತ್ತಿತ್ತು. ವೇಗಕ್ಕಾಗಿ ಕೆಲವು ಪ್ರೊಸೆಸರ್‌ಗಳಲ್ಲಿ ಹಿಂದಿನಿಂದ ಕಾಪಿ ಮಾಡುವ ಹೊಸ ಮೆಮ್‌ಕಾಪಿ ಬಂತು, ಸದ್ದು ಕೆಟ್ಟಿತು. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಆ ಬಗ್ ರಿಪೋರ್ಟ್‌ಗೆ ಬಂದು ವಾದ ಮಾಡಿದ್ದರು. ನಿಯಮದ ಪ್ರಕಾರ ತಪ್ಪು ಫ್ಲ್ಯಾಶ್‌ದು, ಆದರೆ ಬಳಸುವವರಿಗೆ ಅದೆಲ್ಲ ಬೇಕಿಲ್ಲ ಅನ್ನುವುದು ಅವರ ಮಾತು. ನಾನೂ ಆ ಪಕ್ಷವೇ.

ಅಲೆಹುಳು:
ಹಾಗಾದರೆ ಮೆಮೊರಿವ್ಯೂನಲ್ಲಿ ನೋಟ[10:110] = ನೋಟ[0:100] ಅಂತ ಬರೆದರೆ? ನನ್ನ ಸ್ಕ್ರಿಪ್ಟ್‌ನಲ್ಲಿ ಇಂಥದ್ದು ಇದೆ.

ಎಂಟುಬಿಟ್:
ಧೈರ್ಯವಾಗಿ ಬರೆಯಿರಿ. ಜಾಗಗಳು ಹಾಯ್ದಿದ್ದರೆ ಸಿಪೈಥಾನ್ (ನಾವು ಬಳಸುವ ಮಾಮೂಲಿ ಪೈಥಾನ್) ಒಳಗೆ ಮೆಮ್‌ಮೂವ್ ಅನ್ನೇ ಕರೆಯುತ್ತದೆ. ಬರೀ ಬೈಟ್‌ಅರೇ ಸ್ಲೈಸ್ ಆದರೆ ಬಲಗಡೆಯದು ಮೊದಲೇ ಬೇರೆ ಕಾಪಿ ಆಗಿರುತ್ತದೆ, ಅಲ್ಲೂ ತೊಂದರೆ ಇಲ್ಲ. ತೊಂದರೆ ಆಗುವುದು ನೀವೇ ಫಾರ್ ಲೂಪ್ ಹಾಕಿ ಒಂದೊಂದೇ ಬೈಟ್ ಸಾಗಿಸಿದರೆ. 0ರಿಂದ ಶುರು ಮಾಡಿ 10ಕ್ಕೆ ಬರೆಯುತ್ತಾ ಹೋದರೆ 10ನೇ ಬೈಟ್ ಓದುವ ಹೊತ್ತಿಗೆ ಅಲ್ಲಿ ಹಳೆಯದು ಇರುವುದಿಲ್ಲ, ಮೊದಲ ಹತ್ತು ಬೈಟ್‌ಗಳೇ ಮತ್ತೆ ಮತ್ತೆ ಬರುತ್ತವೆ. ಲೂಪ್ ನಿಧಾನ ಕೂಡ. ಲೂಪ್ ಇದ್ದರೆ ತೆಗೆದುಹಾಕಿ.

ನೀಲಿಪರದೆ:
ವೇಗದ ಮಾತು ಬಂತಲ್ಲ, ಎಲ್ಲಾ ಕಡೆ ಮೆಮೊರಿವ್ಯೂ ಹಾಕಿಬಿಡಿ ಅಂತ ಕೆಲವರು ಹೇಳುತ್ತಾರೆ. ಝೀರೋ ಕಾಪಿ ಅಂತ.

ಎಂಟುಬಿಟ್:
ನಾಲ್ಕು ಬೈಟ್‌ಗೆ ವ್ಯೂ ಮಾಡಿದರೆ ಉಳಿತಾಯ ಏನೂ ಇಲ್ಲ. ವ್ಯೂ ಸ್ಲೈಸ್ ಕೂಡ ಒಂದು ಆಬ್ಜೆಕ್ಟ್, ಅದನ್ನು ಕಟ್ಟುವ ಖರ್ಚು ನಾಲ್ಕು ಬೈಟ್ ಕಾಪಿಗಿಂತ ಕಮ್ಮಿ ಏನಲ್ಲ. ಮೆಗಾಬೈಟ್ ಗಾತ್ರದ ತುಂಡುಗಳಿಗೆ ಮಾತ್ರ ವೇಗದಲ್ಲಿ ಲಾಭ. ಹೆಡರ್‌ಗೆ ವ್ಯೂ ಬಳಸಿ ಅಂದದ್ದು ಉದ್ದದ ಕಾವಲಿಗೆ, ವೇಗಕ್ಕಲ್ಲ.

ನಿಜವಾಗಿ ನಿಧಾನ ಮಾಡುವುದು ಬೇರೆ: ಬೈಟ್ಸ್ ವೇರಿಯಬಲ್‌ಗೆ ಲೂಪ್‌ನಲ್ಲಿ += ಮಾಡುತ್ತಾ ಹೋಗುವುದು. ಪ್ರತಿ ಸಲವೂ ಅಲ್ಲಿಯವರೆಗಿನದ್ದೆಲ್ಲ ಮತ್ತೆ ಕಾಪಿ ಆಗುತ್ತದೆ. ಬೈಟ್‌ಅರೇಗೆ += ಮಾಡಿದರೆ ಅದೇ ಜಾಗದಲ್ಲಿ ಬೆಳೆಯುತ್ತದೆ. ಆದರೆ ಹಾಗೆ ಬೆಳೆಯುವುದರಿಂದಲೇ ಇನ್ನೊಂದು ಸಂಗತಿ ಇದೆ. ಪ್ರತಿ = ಗುರಿ ಅಂತ ಬರೆದರೆ ಕಾಪಿ ಆಗುವುದಿಲ್ಲ, ಒಂದೇ ಬೈಟ್‌ಅರೇಗೆ ಎರಡು ಹೆಸರು ಅಷ್ಟೇ. ಒಂದಕ್ಕೆ ಸೇರಿಸಿದ್ದು ಇನ್ನೊಂದರಲ್ಲೂ ಕಾಣುತ್ತದೆ. ಬೇರೆ ಕಾಪಿ ಬೇಕಾದರೆ ಪ್ರತಿ = ಗುರಿ[:] ಮಾಡಬೇಕು.

ಕಡತಗಾರ:
ತಡವಾಗಿ ನೋಡಿದೆ. ಬೈಟ್‌ಗಳನ್ನು ಮಾಮೂಲಿ ಸ್ಟ್ರಿಂಗ್‌ನಲ್ಲಿ ಇಟ್ಟು ಕಾಪಿ ಮಾಡುವವರಿಗೆ ಒಂದು ಮಾತು, ದಯವಿಟ್ಟು ಮಾಡಬೇಡಿ. 255 ಎಂಬ ಬೈಟ್, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಎಲ್ಲೂ ಬರುವ ಹಾಗಿಲ್ಲ. ಡಿಕೋಡ್ ಮಾಡುವಾಗ ಎರರ್ ಬೇಡ ಅಂತ ರಿಪ್ಲೇಸ್ ಹಾಕಿದರೆ ಅದರ ಜಾಗಕ್ಕೆ ಪ್ರಶ್ನೆ ಗುರುತಿನ ಅಕ್ಷರ ಬರುತ್ತದೆ, ವಾಪಸ್ ಬರೆದಾಗ 239, 191, 189 ಅಂತ ಮೂರು ಬೈಟ್. ಫೈಲ್ ಊದಿಕೊಂಡಿದ್ದರೆ, ಎಲ್ಲೆಲ್ಲೂ ಈ ಮೂರು ನಂಬರ್ ಕಂಡರೆ, ಎಲ್ಲೋ ಯಾರೋ ಬೈನರಿಯನ್ನು ಅಕ್ಷರ ಅಂದುಕೊಂಡಿದ್ದಾರೆ ಅಂತಲೇ ಅರ್ಥ. ಹಾಳಾದದ್ದನ್ನು ಹಿಂದೆ ತರಲೂ ಆಗುವುದಿಲ್ಲ.

ವಿಂಡೋಸ್‌ನಲ್ಲಿ ಟೆಕ್ಸ್ಟ್ ಮೋಡ್‌ನಲ್ಲಿ ಬರೆದರೆ ಪ್ರತಿ 10 (ಸಾಲಿನ ಕೊನೆಯ ಗುರುತು) ಕೂಡ 13, 10 ಆಗುತ್ತದೆ. ಪಿಎನ್‌ಜಿ ಚಿತ್ರದ ಫಾರ್ಮ್ಯಾಟ್ ಮಾಡಿದವರು ಇದನ್ನು ಮೊದಲೇ ಊಹಿಸಿದ್ದರು. ಅದರ ಮೊದಲ ಎಂಟು ಬೈಟ್ 137, 80, 78, 71, 13, 10, 26, 10. ಒಳಗೆ 13, 10 ಜೋಡಿಯೂ ಇದೆ, ಒಂಟಿ 10 ಕೂಡ ಇದೆ, ಸಾಲಿನ ಕೊನೆಯನ್ನು ಯಾರು ಯಾವ ಕಡೆಗೆ ಬದಲಿಸಿದರೂ ಮೊದಲ ಎಂಟು ಬೈಟ್‌ನಲ್ಲೇ ಸಿಕ್ಕಿಬೀಳುತ್ತಾರೆ. ಮೊದಲನೆಯ 137 ಯಾಕೆ ಅಂದರೆ ಏಳು ಬಿಟ್ ಮಾತ್ರ ಸಾಗಿಸುವ ದಾರಿಯಲ್ಲಿ ಹೋದರೆ ಗೊತ್ತಾಗಲಿ ಅಂತ.

ಬ್ಯಾಶ್‌ನಲ್ಲಂತೂ ಪ್ರಯತ್ನವೇ ಬೇಡ, ಅದರ ವೇರಿಯಬಲ್‌ನಲ್ಲಿ 0 ಬೈಟ್ ನಿಲ್ಲುವುದೇ ಇಲ್ಲ. ಫೈಲ್‌ನಿಂದ ಫೈಲ್‌ಗೆ ಡಿಡಿ ಕಮಾಂಡ್ ಬಳಸಿ.

ಸೊನ್ನೆಯಿಂದ:
ಇಷ್ಟೆಲ್ಲ ಓದಿದ ಮೇಲೆ ಒಂದು ಅನುಮಾನ. ಬದಲಿಸಬೇಕಾದದ್ದು ಎಂಟೇ ಬೈಟ್. ಅದಕ್ಕೆ ಇಡೀ ಫೈಲ್ ಓದಿ ಮತ್ತೆ ಬರೆಯುವುದು ಯಾಕೆ? ಫೈಲನ್ನು ಓದು-ಬರೆ ಬೈನರಿ ಮೋಡ್‌ನಲ್ಲಿ ತೆರೆದು, 24ಕ್ಕೆ ಸೀಕ್ ಮಾಡಿ, ಎಂಟು ಬೈಟ್ ಬರೆದು ಮುಚ್ಚಿದರೆ ಆಗಲ್ವಾ?

ಹಳೆಗಂಟು:
ಆಗುತ್ತದೆ, ಈ ಕೆಲಸಕ್ಕೆ ಅದೇ ಒಳ್ಳೆಯದು. ಮೋಡ್‌ನಲ್ಲಿ ಆರ್ ಪ್ಲಸ್ ಬಿ ಕೊಡಿ. ಡಬ್ಲ್ಯೂ ಕೊಟ್ಟರೆ ತೆರೆದ ಕ್ಷಣವೇ ಫೈಲ್ ಖಾಲಿ. ಮೊದಲು ಒಂದು ಕಾಪಿ ಇಟ್ಟುಕೊಂಡು ಮಾಡಿ.

ಅಲೆಹುಳು:
ಹಾಗೇ ಮಾಡಿದೆ, ಫೈಲ್‌ಗಳು ಸರಿಯಾದವು. ಆದರೆ ಒಂದೆರಡು ಫೈಲ್‌ಗಳಲ್ಲಿ 24ರಲ್ಲಿ 44100 ಇಲ್ಲ, ಬೇರೇನೋ ಇದೆ. ಬದಲಿಸುವ ಮೊದಲು ಹಳೇ ಬೆಲೆ ಚೆಕ್ ಮಾಡುತ್ತಿದ್ದುದರಿಂದ ಅವನ್ನು ಮುಟ್ಟಲಿಲ್ಲ.

ಎಂಟುಬಿಟ್:
ಚೆಕ್ ಮಾಡಿದ್ದು ಒಳ್ಳೆಯದಾಯಿತು. 44 ಬೈಟ್ ಹೆಡರ್ ಅನ್ನುವುದು ವಾಡಿಕೆ, ನಿಯಮ ಅಲ್ಲ. ಮೊದಲ 12 ಬೈಟ್ ಮಾತ್ರ ಖಾತ್ರಿ, ಅದಾದ ಮೇಲೆ ಚಂಕ್‌ಗಳು ಒಂದರ ಹಿಂದೆ ಒಂದು. ಪ್ರತಿ ಚಂಕ್‌ನಲ್ಲೂ ನಾಲ್ಕು ಬೈಟ್ ಹೆಸರು, ನಾಲ್ಕು ಬೈಟ್ ಉದ್ದ, ಆಮೇಲೆ ಸರಕು. ಫಾರ್ಮ್ಯಾಟ್ ಚಂಕ್‌ಗೆ ಮುಂಚೆ ಬೇರೆ ಚಂಕ್ ಬಂದಿರಬಹುದು. 12ರಿಂದ ಶುರು ಮಾಡಿ ಹೆಸರು ನೋಡುತ್ತಾ, ಉದ್ದದಷ್ಟು ಹಾರುತ್ತಾ ಹೋಗಿ. ಎಫ್ ಎಂ ಟಿ ಮತ್ತು ಒಂದು ಸ್ಪೇಸ್ ಸಿಕ್ಕ ಜಾಗದಿಂದ 12 ಬೈಟ್ ಮುಂದೆ ಸ್ಯಾಂಪಲ್ ರೇಟ್ ಇರುತ್ತದೆ, ಅದರ ಪಕ್ಕದಲ್ಲೇ ಬೈಟ್ ರೇಟ್. ಉದ್ದ ಬೆಸ ಸಂಖ್ಯೆ ಆಗಿದ್ದರೆ ಒಂದು ಬೈಟ್ ಹೆಚ್ಚು ಹಾರಬೇಕು, ಆ ತುಂಬುವ ಬೈಟ್ ಉದ್ದದ ಲೆಕ್ಕದಲ್ಲಿ ಸೇರಿರುವುದಿಲ್ಲ.